ಬರಿಗಾಲಿನ ಸವಾರ

ಸಿದ್ದಾಪುರದ ಬಂಡೆಗಳ ನಡುವೆ ದೇವರ ದನ ಕಾಯುವ ಕಿಲಾರಿ ಯರ್ರಪ್ಪನ ಮಗ ಮಾರುತೇಶ ಸೈನ್ಯ ಸೇರಿ, ಕುದುರೆ ಸವಾರಿಯಲ್ಲಿ ರಾಷ್ಟ್ರೀಯ ಚಿನ್ನ ಗೆದ್ದ. ದನ ಕಾಯುವವನಿಗೆ ಕುದುರೆಯ ಲಗಾಮೇ ಎಂದು ನಕ್ಕಿದ್ದ ಊರೇ ಆಮೇಲೆ ಹಾರ ಹಾಕಿತು. ಊರಿನ ಬಾಯಿಗೆ ಎರಡೂ ರುಚಿಯೇ. ಆದರೆ ಆ ಚಾಂಪಿಯನ್ನನಿಗೆ ಎರಡು ವರ್ಷದಿಂದ ಕುದುರೆ ಹತ್ತಿದರೆ ತೊಡೆ ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಅವನ ಸ್ಪರ್ಧೆ ಮೂರು ದಿನದ್ದು. ನಡುವಿನ ದಿನವೇ ಗಂಡಾಂತರ: ಬಯಲಲ್ಲಿ ದಿಮ್ಮಿ, ಬೇಲಿ, ಹಳ್ಳ ಹಾರುತ್ತ ಮೈಲಿಗಟ್ಟಲೆ ಓಡಬೇಕು. ಕುದುರೆಗೆ ಆ ದಾರಿ ಮೊದಲೇ ತೋರಿಸುವಂತಿಲ್ಲ, ಸವಾರ ಮಾತ್ರ ನಡೆದು ನೋಡಬಹುದು. ಮಾರುತೇಶ ಬರಿಗಾಲಲ್ಲೇ ನಡೆಯುತ್ತಿದ್ದ. ದನದ ರೊಪ್ಪದೊಳಕ್ಕೆ ಕಿಲಾರಿಗಳು ಚಪ್ಪಲಿ ಮೆಟ್ಟುವುದಿಲ್ಲ; ದನಗಳನ್ನು ಹಳ್ಳ ದಾಟಿಸುವ ಮುಂಚೆ ಅಪ್ಪನೂ ಬರಿಗಾಲಲ್ಲಿ ತುಳಿದು ನೋಡುತ್ತಿದ್ದ. ಜೊತೆಯವರು ನಕ್ಕರೆಂದು ಎರಡು ವರ್ಷದ ಹಿಂದೆ ಒಂದೇ ಒಂದು ಸಲ ಮಾರುತೇಶ ಬೂಟು ಹಾಕಿ ನಡೆದ. ಮರುದಿನ ಹಳ್ಳದಾಚೆ, ಮೇಲೆ ಗಟ್ಟಿಯಾಗಿ ಕಂಡ ನೆಲದೊಳಗೆ ಕೆಸರಿತ್ತು. ಅವನ ಕುದುರೆ ಬಿಜಲಿ ಮುಂಗಾಲು ಮುರಿದುಕೊಂಡು ಬಿತ್ತು, ಮತ್ತೆ ಏಳಲಿಲ್ಲ. ನಾಚಿಕೆಗೆ ಅಂಜಿ ಕುದುರೆ ಕೊಂದೆ ಎಂಬ ಕೊರಗು ಅವತ್ತಿನಿಂದ ಅವನ ಜೀವ ಹಿಂಡುತ್ತಿತ್ತು.

ಈ ವರ್ಷ ಹೊಸ ಕುದುರೆ, ಅದೇ ಬಯಲು. ಹಿಂದಿನ ದಿನ ಬೂಟು ಬಿಚ್ಚಿ ನಡೆದಾಗ ಹಳ್ಳದಾಚೆ ಅವನ ಹಿಮ್ಮಡಿ ಮೆಲ್ಲಗೆ ಒಳಗಿಳಿಯಿತು. ಸ್ಪರ್ಧೆಯ ಅಧಿಕಾರಿಯನ್ನು ಕರೆದು ತೋರಿಸಿದ. ಅವರು ಕೋಲು ಚುಚ್ಚಿ, ನೆಲ ಗಟ್ಟಿಯಾಗಿದೆ ಎಂದು ಹೊರಟುಹೋದರು. ಮೆತ್ತಗಿದ್ದದ್ದು ನೆಲವೋ ತನ್ನ ಎದೆಯೋ, ಅವನಿಗೇ ತಿಳಿಯದಾಯಿತು.

ಸ್ಪರ್ಧೆಯ ದಿನ ಆ ಹಳ್ಳ ಬಂತು. ನೇರ ಹಾರಿದರೆ ಚಿನ್ನದ ಆಸೆ ಉಳಿಯುತ್ತಿತ್ತು. ನಿಯಮದಲ್ಲಿ ಸುತ್ತು ದಾರಿಯೂ ಇತ್ತು, ಆದರೆ ಸಮಯ ಹೋಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಸುತ್ತು ದಾರಿಗೆ ತಿರುಗಿಸಿದ. ಉಳಿದವರೆಲ್ಲ ನೇರವಾಗಿ ಹಾರಿದರು. ಒಂದು ಕುದುರೆಯೂ ಎಡವಲಿಲ್ಲ. ಮಾರುತೇಶ ಒಂಬತ್ತನೆಯವನಾದ.

ಸಂಜೆ ಅಪ್ಪನಿಗೆ ಫೋನ್ ಮಾಡಿದ. "ಎಲ್ರೂ ಹಾರಿದ್ರಪ್ಪ, ಯಾರ್ಗೂ ಏನೂ ಆಗ್ಲಿಲ್ಲ. ನಾನೊಬ್ನೇ ಹೆದರಿಬಿಟ್ಟೆ."

ಯರ್ರಪ್ಪ, "ಕುದುರೆ ಏನ್ ಮಾಡ್ತೈತಲೇ?" ಅಂದ.

"ಮೇವು ತಿಂತೈತೆ."

"ನಲವತ್ತು ವರ್ಸದಿಂದ ನಾನೂ ದಿನಾ ಹೆದರ್ತೀನಿ ಕಣಲೇ. ಅದಕ್ಕೇ ಸಂಜೆ ಎಣಿಸಿದ್ರೆ ದನ ಸರಿಯಾಗಿರ್ತಾವೆ."