ಮಗಳು ಮೆಟ್ಟಿಲಿಳಿಯಲು ಕಲಿತದ್ದು

ಒಂಬತ್ತು ತಿಂಗಳಾದರೂ ನನ್ನ ಮಗಳು ಕೂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕದಲುವ ಅಗತ್ಯವೇ ಅವಳಿಗಿರಲಿಲ್ಲ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅವಳು ಯಾವುದರ ಕಡೆ ಕಣ್ಣು ಹಾಯಿಸಿದರೂ ಅತ್ತೆ ಅದನ್ನು ತಂದು ಕೈಗಿಡುತ್ತಿದ್ದರು. ಕೆಳಗೆ ಬಿಟ್ಟರೆ ಮಂಡಿ ಕೆಂಪಾಗುತ್ತದೆ, ಧೂಳು ಬಾಯಿಗೆ ಹೋಗುತ್ತದೆ ಎಂದು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ಚಿಂತಾಮಣಿಯ ಮಕ್ಕಳ ಡಾಕ್ಟರು ಮಗುವನ್ನು ನೆಲದ ಮೇಲೆ ಆಡಲು ಬಿಡಿ ಅಂದದ್ದನ್ನು ಹೇಳಿದರೆ, ಮೂರು ಮಕ್ಕಳನ್ನು ಸಾಕಿದ ತನಗೆ ಡಾಕ್ಟರು ಹೇಳಿಕೊಡಬೇಕಾ ಎಂದು ಮುಖ ತಿರುಗಿಸಿದರು.

ಒಂದು ಬೆಳಿಗ್ಗೆ ಚಾಪೆ ಹಾಸಿ, ಅವಳಿಗೆ ಎಟುಕದಷ್ಟು ದೂರದಲ್ಲಿ ಸ್ಟೀಲ್ ಲೋಟ ಇಟ್ಟೆ. ಸಿಡುಕಿದಳು, ಅತ್ತಳು, ಕೊನೆಗೆ ಹೊಟ್ಟೆಯ ಮೇಲೆ ಬಿದ್ದು ಮೊಣಕೈ ಊರಿ ತೆವಳತೊಡಗಿದಳು. ಇನ್ನೊಂದು ಗೇಣು ಉಳಿದಿತ್ತು. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದು ಲೋಟವನ್ನು ಅವಳ ಕೈಗೆ ಕೊಟ್ಟುಬಿಟ್ಟರು.

"ಅತ್ತೆ, ಅವಳೇ ತಗೋತಿದ್ಲು," ಅಂದೆ.

"ಮಗು ಅಳ್ತಿದ್ರೆ ನೋಡ್ಕೊಂಡು ಕೂತ್ಕೊಳಾಕೆ ನನ್ಗೆ ಬರಲ್ಲಮ್ಮ."

ಅವತ್ತು ನಾನು ಜೋರಾಗಿಯೇ ಮಾತಾಡಿದೆ. ಅತ್ತೆ ಊಟ ಬಿಟ್ಟರು. ನನ್ನ ಗಂಡ ನ್ಯಾಯ ಹೇಳುವವರ ಹಾಗೆ, ಇನ್ನು ಯಾರೂ ಮಗುವನ್ನು ಮುಟ್ಟುವುದು ಬೇಡ, ಅದರ ಪಾಡಿಗೆ ಅದು ಕಲಿಯುತ್ತದೆ ಅಂದರು.

ಅವಳು ಅಂಬೆಗಾಲಿಡಲು ಶುರು ಮಾಡಿದ ಮೇಲೆ ಒಂದು ಭಾನುವಾರ, ಮಗುವನ್ನು ನೋಡಿಕೊಳ್ಳಿ ಎಂದು ಗಂಡನಿಗೆ ಹೇಳಿ ಸ್ನಾನಕ್ಕೆ ಹೋದೆ. ಮಗು ಕಿರುಚಿದ್ದು ಕೇಳಿ ಒದ್ದೆ ಕೂದಲಲ್ಲೇ ಓಡಿಬಂದೆ. ಮಗಳು ಹೊಸ್ತಿಲು ದಾಟಿ, ಅಂಗಳದ ಮೆಟ್ಟಿಲಿನಿಂದ ತಲೆ ಮುಂದಾಗಿ ಬಿದ್ದಿದ್ದಳು. ತುಟಿ ಒಡೆದು ರಕ್ತ ಬರುತ್ತಿತ್ತು. ಗೇಟಿನ ಹೊರಗೆ ಪಕ್ಕದ ಮನೆಯವರ ಹೊಸ ಕಾರು ನೋಡುತ್ತಾ ನಿಂತಿದ್ದ ಗಂಡ ಆಗಷ್ಟೇ ಒಳಗೆ ಬರುತ್ತಿದ್ದರು.

"ಬಿಡಿ ಬಿಡಿ ಅಂದೋಳು ನೀನೇ ಅಲ್ವೇನೇ?" ಅಂದರು.

"ಬಿಡೋದು ಅಂದ್ರೆ ಎದ್ದು ಹೋಗೋದಾ? ಪಕ್ಕದಲ್ಲಿ ಕೂತ್ಕೊಂಡು ಬಿಡ್ಬೇಕು ಕಣ್ರೀ."

ಸಂಜೆ ಅತ್ತೆ ಗೌರಿಬಿದನೂರಿನ ತಂಗಿಗೆ ಫೋನು ಮಾಡಿ, ಸೊಸೆ ಹಟ ಮಾಡಿ ಮಗುವನ್ನು ಬೀಳಿಸಿದಳು ಅಂತ ಹೇಳುತ್ತಿದ್ದರು. ನನಗೆ ಕೇಳಲಿ ಅಂತಲೇ ಹೇಳುತ್ತಿದ್ದರು.

ಮರುದಿನ ಅದೇ ಮೆಟ್ಟಿಲಿನ ಬಳಿ ಕೂತೆ. ಕಾಲು ಮೊದಲು ಇಳಿಯುವಂತೆ ಅವಳನ್ನು ಹಿಂದಕ್ಕೆ ತಿರುಗಿಸಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟೆ. ಅಭ್ಯಾಸವಾದಂತೆ ಕೈ ತೆಗೆದು ಹತ್ತಿರ ಇಟ್ಟುಕೊಂಡೆನಷ್ಟೆ. ಹಿಡಿಯಬೇಡಿ ಎಂದು ಅತ್ತೆಗೆ, ಎದ್ದು ಹೋಗಬೇಡಿ ಎಂದು ಗಂಡನಿಗೆ ದಿನವೂ ಹೇಳಿ ಸಾಕಾಗಿಹೋಯಿತು. ಒಂದು ಮಧ್ಯಾಹ್ನ ಅವಳೇ ತಿರುಗಿ, ಕಾಲಿನಿಂದ ನೆಲ ತಡಕಿ, ಇಳಿದು, ನಮ್ಮನ್ನು ನೋಡಿ ನಕ್ಕಳು. ಅತ್ತೆ ಕಣ್ಣೊರೆಸಿಕೊಂಡರು.

"ನೋಡ್ದಾ, ಯಾರೂ ಹೇಳ್ಕೊಡ್ದೇನೇ ಕಲಿತ್ಬಿಟ್ಲು," ಅಂದರು ಗಂಡ.

ನನಗೆ ಮೈಯೆಲ್ಲ ಉರಿಯಿತು. ಇವರ ಜೊತೆ ಮಾತೇ ಬೇಡವೆಂದು ಮಗಳನ್ನು ಎತ್ತಿಕೊಂಡು ಒಳಗೆ ಹೊರಟೆ. ಅವಳು ತೋಳಲ್ಲಿ ಕೊಸರಾಡಿದಳು. ಕೆಳಗೆ ಬಿಟ್ಟು, ಅವಳ ಹಿಂದೆಯೇ ನಡೆದೆ.