ಅರ್ಧಕ್ಕಿಳಿಸಿದ ಗೆಲುವು

ಮುನವಳ್ಳಿಯಲ್ಲಿ ನಿಮ್ಮ ತಂಡ ಗೆದ್ದ ಕಬಡ್ಡಿ ಪಂದ್ಯವನ್ನು ನಾನು ಬೇಕೆಂದೇ ತಪ್ಪಾಗಿ ಬರೆದೆ, ರೇಣುಕಾ. ಕೈತಪ್ಪಲ್ಲ — ಒಂದು ಗಳಿಗೆ ಯೋಚಿಸಿಯೇ ಬರೆದೆ.

ನಮ್ಮ ಕಡೆಯ ಹೆಣ್ಣುಮಕ್ಕಳ ತಂಡಗಳ ಬಲಾಬಲದ ಪಟ್ಟಿ ಆಗ ನನ್ನ ಕೈಯಲ್ಲಿತ್ತು. ಬೈಲಹೊಂಗಲದಲ್ಲಿ ಗಣಿತ ಕಲಿಸುವವನೆಂದು ಸಂಘಟಕರು ನನಗೇ ಒಪ್ಪಿಸಿದ್ದರು. ತಮಗಿಂತ ಗಟ್ಟಿ ತಂಡವನ್ನು ಸೋಲಿಸಿದವರಿಗೆ ಹೆಚ್ಚು ಅಂಕ, ಮೆತ್ತನೆಯ ತಂಡವನ್ನು ಸೋಲಿಸಿದರೆ ಕಡಿಮೆ. ಸೋತವರಿಂದ ಅಷ್ಟೇ ಅಂಕ ಕಳೆಯಬೇಕು. ಟೂರ್ನಿಯ ಪಂದ್ಯಕ್ಕೆ ಪೂರ್ತಿ ಬೆಲೆ, ಸ್ನೇಹಪಂದ್ಯಕ್ಕೆ ಅರ್ಧ. ಮೇಲಿನ ನಾಲ್ಕು ತಂಡಗಳು ಬೆಳಗಾವಿಯಲ್ಲಿ ನಡೆಯುವ ಜಿಲ್ಲಾ ತಂಡದ ಆಯ್ಕೆಗೆ ಹೋಗುತ್ತಿದ್ದವು.

ತೊರಗಲ್ಲಿನವರಾದ ನೀವು ಬೈಲಹೊಂಗಲವನ್ನು ಸೋಲಿಸಿದಿರಿ — ಟೂರ್ನಿಯಲ್ಲಿ. ಸೋತ ತಂಡದಲ್ಲಿ ನನ್ನ ತಂಗಿಯ ಮಗಳಿದ್ದಳು. ನಾನು ಸ್ನೇಹಪಂದ್ಯ ಎಂದು ಬರೆದೆ. ಅಷ್ಟೇ. ಅವರು ನಾಲ್ಕನೆಯವರಾಗಿ ಉಳಿದರು, ನೀವು ಐದನೆಯವರಾದಿರಿ.

ನಾಯಕಿ ನೀನು, ಎರಡು ಬಸ್ಸು ಬದಲಿಸಿ ನಮ್ಮ ಶಾಲೆಗೆ ಬಂದೆ. ಸಿಟ್ಟಿರಲಿಲ್ಲ ನಿನ್ನಲ್ಲಿ. ತಿಳಿದುಕೊಳ್ಳಲು ಬಂದಿದ್ದೆ.

“ಅವರನ್ನ ನಾವು ಸೋಲಿಸೇವ್ರಿ ಸರ್. ಮತ್ತ ಅವರಕಿಂತ ಕೆಳಗ ಹೆಂಗ ಬಂದ್ವಿ?”

“ಒಂದ ಪಂದ್ಯದಾಗ ಬಲ ತಿಳಿಯೂದಿಲ್ಲವ್ವಾ,” ಎಂದೆ ನಾನು. “ಲೆಕ್ಕ ಹಂಗ ಹೇಳತೈತಿ.”

ಮೊದಲ ಮಾತು ನಿಜ. ಅದನ್ನೇ ಸುಳ್ಳಿನ ಮೇಲೆ ಹೊದಿಸಿದೆ. ನೀನು ನಂಬಿದೆ — ಗಣಿತದ ಮಾಸ್ತರ ಹೇಳಿದ್ದಾನೆಂದು. ಊರಿಗೆ ಹೋಗಿ ಗೆಳತಿಯರಿಗೂ ಅದನ್ನೇ ಹೇಳಿದೆಯಂತೆ. ಮರುವರ್ಷ ತೊರಗಲ್ಲಿನಿಂದ ತಂಡವೇ ಬರಲಿಲ್ಲ.

ಆಮೇಲೆ, ತೀರ ತಡವಾಗಿ, ಸಂಘಟಕರ ಮುಂದೆ ಒಪ್ಪಿಕೊಂಡೆ. ಆಯ್ಕೆ ಯಾವತ್ತೋ ಮುಗಿದಿದೆ, ಈಗ ಯಾಕೆ ಎಲ್ಲರ ಹೆಸರು ಕೆಡಿಸುತ್ತೀರಿ ಎಂದರು. ಪಟ್ಟಿ ತಿದ್ದಲು ಐದು ನಿಮಿಷ ಸಾಕಾಯಿತು. ತಿದ್ದಿದ್ದನ್ನು ಯಾರಿಗೆ ತೋರಿಸುವುದು —

ಮೊನ್ನೆ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ನೀನೇ ಗುರುತು ಹಿಡಿದು ಮಾತಾಡಿಸಿದೆ.

“ಅವತ್ತ ನೀವು ಖರೇ ಹೇಳಿದ್ರಿ ಸರ್. ನಾವು ಅಷ್ಟ ಗಟ್ಟಿ ಇರಲಿಲ್ಲ.”

ಇಲ್ಲ ಎನ್ನಬೇಕಿತ್ತು. ಹೌದೆಂಬಂತೆ ತಲೆಯಾಡಿಸಿಬಿಟ್ಟೆ — ನಿನಗೆ ಹೇಳಿದ ಎರಡನೆಯ ಸುಳ್ಳು. ಅಷ್ಟರಲ್ಲಿ ನಿನ್ನ ಬಸ್ಸು ಬಂತು.

ಆಡುವ ವಯಸ್ಸು ದಾಟಿದ ಏಳು ಹೆಣ್ಣುಮಕ್ಕಳಿಗೆ ನಾನೀಗ ಏನನ್ನೂ ಮರಳಿ ಕೊಡಲಾರೆ. ಉಳಿದವರು ಎಲ್ಲೆಲ್ಲಿದ್ದಾರೋ — ನನಗೆ ಅವರ ಹೆಸರೂ ಪೂರ್ತಿ ನೆನಪಿಲ್ಲ. ಸಿಕ್ಕವರಿಗೆ ಇದನ್ನು ಓದಿ ಹೇಳು. ನಿಮ್ಮ ತಂಡ ನಾಲ್ಕನೆಯದಾಗಿತ್ತು. ನೀನು ಬಂದು ಕೇಳಿದಾಗಲೇ ನನಗದು ಗೊತ್ತಿತ್ತು.