ಹಜ಼ಾಲಳ ಬಾಯಿಗೆ ಬಿದ್ದ ಬೀಗ

ತುರ್ಕಿಯ ಉರ್ಫಾ ಪಟ್ಟಣದಲ್ಲಿ ಸುಲ್ತಾನರು ಬಂದರು, ಹೋದರು. ಬೋಜ಼ಾನ್ ಅಜ್ಜನ ಆಳ್ವಿಕೆ ಮಾತ್ರ ಅಲುಗಲಿಲ್ಲ. ಅವನ ಸಾಮ್ರಾಜ್ಯ ಒಂದು ಓಣಿಯ ಮಸೀದಿ. ರಾಜದಂಡ ಅದರ ಗೇಣುದ್ದದ ಕಬ್ಬಿಣದ ಬೀಗದಕೈ. ಮಾತು ತಡವಾದ ಮಕ್ಕಳನ್ನು ತಾಯಂದಿರು ಶುಕ್ರವಾರ ಎತ್ತಿಕೊಂಡು ಬರುತ್ತಿದ್ದರು. ಮಾತಿನ ಬೀಗ ತೆರೆಯಲೆಂದು ಅಜ್ಜ ಬೀಗದಕೈಯನ್ನು ಮಗುವಿನ ಬಾಯಲ್ಲಿಟ್ಟು ತಿರುಗಿಸುತ್ತಿದ್ದ. ಇವತ್ತಲ್ಲ ನಾಳೆ ಮಕ್ಕಳು ಹೇಗೂ ಮಾತಾಡುತ್ತವೆ; ಕೀರ್ತಿ ಬೀಗದಕೈಗೆ, ಅಲ್ಲಿಂದ ಅಜ್ಜನಿಗೆ.

ಇಂಥ ಚಕ್ರವರ್ತಿಯ ಮನೆಯಲ್ಲೇ ದಂಗೆ ಎದ್ದಿತು. ನಾಲ್ಕು ವರ್ಷದ ಮೊಮ್ಮಗಳು ಹಜ಼ಾಲಳಿಗೆ 'ಕ' ಹೊರಳದು. ಮಾಳಿಗೆಯ ಮೇಲಿನ ಮುದ್ದಿನ ಪಾರಿವಾಳ ಕುಮ್ರು ಅವಳ ಬಾಯಲ್ಲಿ 'ತುಮ್ರು'. ಅವಳಮ್ಮ ಹತ್ತಿ ಬಿಡಿಸಲು ಹೋದರೆ ದಿನವಿಡೀ ಅಜ್ಜ, ಮೊಮ್ಮಗಳು, ಪಾರಿವಾಳ. ಅವಳ ಹರಟೆಯಿಲ್ಲದೆ ಅಜ್ಜನಿಗೆ ಚಹಾ ಕೂಡ ಗಂಟಲಲ್ಲಿ ಇಳಿಯದು.

ಒಂದು ದಿನ ಮುದ್ದಿಗೆ ಅಜ್ಜನೂ ಪಾರಿವಾಳವನ್ನು ಹಾಗೇ ಕರೆದ: "ಬಾರೇ ತುಮ್ರು!"

ಹಜ಼ಾಲ್ ಸೊಂಟಕ್ಕೆ ಕೈಯಿಟ್ಟಳು. "ತುಮ್ರು ಅಲ್ಲ ಅಜ್ಜ! ತುಮ್ರು!"

"ಅದನ್ನೇ ಹೇಳಿದ್ನಲ್ಲೇ, ತುಮ್ರು."

"ಅಲ್ಲಾ! ತುಮ್ರು!"

"ಓಹೋ, ಕುಮ್ರು?"

"ಹೂಂ, ತುಮ್ರು," ಎಂದಳು, ಕೊನೆಗೂ ಮುದುಕನಿಗೆ ಬುದ್ಧಿ ಬಂತಲ್ಲ ಎಂಬ ಸಮಾಧಾನದಲ್ಲಿ.

ಅವಳೊಳಗೆ ಆ ಹೆಸರು ಗಾಜಿನಷ್ಟು ನಿಚ್ಚಳವಾಗಿತ್ತು. ತಾನು ಹೇಳುತ್ತಿರುವುದೂ ಅದನ್ನೇ ಎಂದು ನಂಬಿದ್ದಳು. ನಾಲಿಗೆ ಮಾತ್ರ ನಡುದಾರಿಯಲ್ಲಿ ಅಡ್ಡಹಾದಿ ಹಿಡಿಯುತ್ತಿತ್ತು. ಬೆಳೆದವರಿಗೋ ಬಾಯಿಂದ ಬಿದ್ದದ್ದಷ್ಟೇ ಲೆಕ್ಕ.

ಅಜ್ಜ ಈ ತಮಾಷೆಯನ್ನು, ಹಜ಼ಾಲಳ ಸಮೇತ, ಪಾರಿವಾಳ ಸಾಕುವವರು ಸೇರುವ ಚಹಾದಂಗಡಿಗೆ ಹೊತ್ತೊಯ್ದ. ಎಲ್ಲರೂ ಸರದಿಯಲ್ಲಿ "ತುಮ್ರು!" ಎಂದರು. ಪ್ರತಿ ಸಲವೂ ಹಜ಼ಾಲ್ ತಿದ್ದಿದಳು. ಪ್ರತಿ ಸಲವೂ ನಗೆ. ಅಜ್ಜನದೇ ಎಲ್ಲರಿಗಿಂತ ಜೋರು. ಆಗ ಪಾರಿವಾಳ ಮಾರುವ ಹಲೆಫ್ ಕೆಣಕಿದ: "ಏನಯ್ಯಾ ಬೋಜ಼ಾನ್, ಊರ ಮಕ್ಕಳ ಬೀಗ ತೆಗೆಯೋನು ನೀನು, ನಿನ್ನ ಮನೇದೇ ತುಕ್ಕು ಹಿಡಿದಿದೆಯಲ್ಲೋ!"

ಚಕ್ರವರ್ತಿಯ ಮಾನದ ಪ್ರಶ್ನೆ. ಶುಕ್ರವಾರ ಇಡೀ ಓಣಿಯೆದುರು ಹಜ಼ಾಲಳ ಬಾಯಿಗೆ ಬೀಗದಕೈ ಹೋಯಿತು. ಅವಳು ಅಳಲಿಲ್ಲ. ಕಬ್ಬಿಣ ಹಲ್ಲಿಗೆ ತಾಗುವಾಗ ಅಜ್ಜನ ಮುಖವನ್ನೇ ನೋಡುತ್ತಿದ್ದಳು.

"ಹೇಳು ಪುಟ್ಟಿ, ಕುಮ್ರು!"

ಅವಳು ಬಾಯಿ ಮುಚ್ಚಿದಳು.

ಮುಚ್ಚಿದ್ದು ಮುಚ್ಚಿಯೇ ಹೋಯಿತು. ಅಮ್ಮನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಪಾರಿವಾಳಕ್ಕೆ ಸಿಳ್ಳೆ ಹಾಕುತ್ತಾಳೆ. ಅಜ್ಜ ಮಾಳಿಗೆ ಹತ್ತಿದರೆ ಅದೂ ನಿಲ್ಲುತ್ತದೆ. ಅವನು ಎಳ್ಳಿನ ಹಲ್ವ ತಂದ, ಕತ್ತೆಯಂತೆ ಅರಚಿದ, "ನಾನೇ ಕತ್ತೆ ಕಣೇ, ತಪ್ಪಾಯ್ತು," ಎಂದ. ಉಹೂಂ.

ಕೊನೆಗೆ ಒಂದು ಮಧ್ಯಾಹ್ನ ತನ್ನ ಬೊಚ್ಚುಬಾಯಿಗೇ ಬೀಗದಕೈ ತುರುಕಿ, ಕಣ್ಣುಗುಡ್ಡೆ ಹೊರಳಿಸುತ್ತ ತಿರುಗಿಸಿದ. ಲೋಕದ ಯಾವ ಮಗುವಾದರೂ ನಗಬೇಕು. ಹಜ಼ಾಲ್ ಹತ್ತಿರ ಬಂದಳು. ಮೆಲ್ಲಗೆ ಅದನ್ನು ಅವನ ಬಾಯಿಂದ ತೆಗೆದು, ಲಂಗಕ್ಕೆ ಒರೆಸಿ, ಅವನ ಸೊಂಟದ ಕೊಕ್ಕೆಗೇ ಮತ್ತೆ ಸಿಕ್ಕಿಸಿದಳು. ಆಮೇಲೆ ಕುಮ್ರುವಿಗೆ ಕಾಳು ಹಾಕಲು ಹೋದಳು.

ಆ ಶುಕ್ರವಾರ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಬಂದಳು. "ಬೀಗದಕೈ ಕಳೆದುಹೋಗಿದೆ ತಾಯಿ," ಎಂದ ಅಜ್ಜ. ಅದು ಅವನ ಸೊಂಟದಲ್ಲೇ ತೂಗುತ್ತಿತ್ತು.